ತೋರ–ತೆಳು ಎಳೆಯ ಅಕ್ಷರವೋ, ಒಂದೇ ದಪ್ಪದ ಅಕ್ಷರವೋ: ಅಚ್ಚಿಗೆ ಕೊಡುವ ಮುನ್ನ ಫಾಂಟ್ ಆರಿಸುವವರಿಗೆ

ತುಮಕೂರಿನಲ್ಲಿ ನಮ್ಮಂಥ ಡಿಟಿಪಿ ಮೇಜಿನ ಮುಂದೆ ಬಂದು ಕೂರುವವರು ದೊಡ್ಡ ಪ್ರಕಾಶಕರಲ್ಲ. ಶಾಲೆಯ ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ತರಲು ಹೊರಟ ಹಳೆಯ ವಿದ್ಯಾರ್ಥಿಗಳು, ಊರಿನ ಚರಿತ್ರೆಯನ್ನು ಹತ್ತಾರು ವರ್ಷ ಬರೆದಿಟ್ಟುಕೊಂಡ ನಿವೃತ್ತ ಉಪನ್ಯಾಸಕರು, ಜೀರ್ಣೋದ್ಧಾರದ ಕರಪತ್ರ ಹಿಡಿದ ದೇವಸ್ಥಾನ ಸಮಿತಿಯವರು, ಮೊದಲ ಕವನ ಸಂಕಲನವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತರುವ ಯುವಕರು, ಇವರೇ ಹೆಚ್ಚು. ಕಾಗದ ಎಷ್ಟು ಜಿಎಸ್‌ಎಂ ಇರಬೇಕು, ಮುಖಪುಟಕ್ಕೆ ಮ್ಯಾಟ್ ಲ್ಯಾಮಿನೇಷನ್ ಬೇಕೇ, ಪ್ರತಿ ಐನೂರೋ ಸಾವಿರವೋ ಎಂಬುದನ್ನೆಲ್ಲ ಅರ್ಧ ದಿನ ಚರ್ಚಿಸುವ ಇವರು, ಅಕ್ಷರದ ವಿಷಯ ಬಂದಾಗ ಮಾತ್ರ “ಯಾವುದಾದರೂ ಒಳ್ಳೇ ಫಾಂಟ್ ಹಾಕಿ” ಎಂದು ಎದ್ದುಬಿಡುತ್ತಾರೆ. ಆ “ಒಳ್ಳೇ ಫಾಂಟ್” ಯಾವುದು ಎಂಬುದು ಕೆಲಸದಿಂದ ಕೆಲಸಕ್ಕೆ ಬದಲಾಗುವುದರಿಂದ, ನನ್ನ ಅನುಭವದಲ್ಲಿ ಗಟ್ಟಿಯಾಗಿ ನಿಂತ ಕೆಲವು ಹೋಲಿಕೆಗಳನ್ನು ಇಲ್ಲಿ ಬರೆದಿದ್ದೇನೆ.

ಕನ್ನಡದಲ್ಲಿ ಸೆರಿಫ್ ಎಂದರೆ

ಸೆರಿಫ್ ಎಂಬುದು ರೋಮನ್ ಲಿಪಿಯ ಮಾತು. ಗೀಟಿನ ತುದಿಯಲ್ಲಿ ಪಾದದಂತೆ ಚಾಚಿಕೊಂಡಿರುವ ಪುಟ್ಟ ಮುಕ್ತಾಯಕ್ಕೆ ಆ ಹೆಸರು. ಕನ್ನಡದ ಅಕ್ಷರ ದುಂಡಗಿನದು; ಅದಕ್ಕೆ ಪಾದವಿಲ್ಲ, ಇರುವುದು ತಲೆಕಟ್ಟು. ಹಾಗಿದ್ದರೂ ನೋಟೋ ಸೆರಿಫ್ ಕನ್ನಡ ಎಂಬ ಫಾಂಟ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ಸೆರಿಫ್ ಎಂಬ ಮಾತು ಎಳೆಯ ತೋರ–ತೆಳುವನ್ನು ಸೂಚಿಸುತ್ತದೆ. ಅಕ್ಷರದ ಬಾಗು ಒಂದು ಕಡೆ ದಪ್ಪವಾಗಿ ಹರಿದು, ತಿರುವಿನಲ್ಲಿ ಸಪೂರವಾಗಿ, ಮತ್ತೆ ದಪ್ಪವಾಗುವುದು ಈ ಬಗೆಯ ಗುಣ. ಇದಕ್ಕೆ ಎದುರಾಗಿ ನೋಟೋ ಸ್ಯಾನ್ಸ್ ಕನ್ನಡ, ವಿಂಡೋಸ್ ಜೊತೆಗೆ ಬರುವ ನಿರ್ಮಲಾ ಯುಐ, ಏಕ್ ಟೈಪ್ ಸಂಸ್ಥೆಯ ಅನೇಕ್ ಕನ್ನಡ ಮುಂತಾದವುಗಳಲ್ಲಿ ಎಳೆ ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ದಪ್ಪದಲ್ಲಿ ಸಾಗುತ್ತದೆ.

ಹಿರಿಯರು “ಪುಸ್ತಕದ ಅಕ್ಷರ” ಎಂದು ಕರೆಯುವುದು ಮೊದಲನೆಯ ಬಗೆಯನ್ನು. 1817ರಲ್ಲಿ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದ ಕಾಲದಿಂದ ಮೊದಲ್ಗೊಂಡು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕಿಟ್ಟೆಲ್ ನಿಘಂಟು ಹೊರಬಂದ ಕಾಲವನ್ನೂ ದಾಟಿ, ಊರೂರಿನ ಟ್ರೆಡಲ್ ಯಂತ್ರಗಳು ನಿಲ್ಲುವವರೆಗೆ ಕನ್ನಡ ಓದಿದವರ ಕಣ್ಣು ಪಳಗಿದ್ದು ಸೀಸದ ಮೊಳೆಗಳ (ಒಂದೊಂದಾಗಿ ಜೋಡಿಸುವ ಅಚ್ಚಿನ ಅಕ್ಷರಗಳ) ಈ ತೋರ–ತೆಳುವಿಗೆ. ಆದ್ದರಿಂದ ಅರುವತ್ತು ದಾಟಿದ ಓದುಗರಿಗೆ ಈ ಅಕ್ಷರ ಕೊಟ್ಟರೆ ಅವರು ಅಕ್ಷರವನ್ನು ಗಮನಿಸದೆ ವಿಷಯವನ್ನು ಓದಿಕೊಂಡು ಹೋಗುತ್ತಾರೆ. ಪುಸ್ತಕಕ್ಕೆ ಅದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಸೀಳು ಎಂಬ ಚಿಕ್ಕ ಗೀಟು

ಆಯ್ಕೆಯ ಮೊದಲ ಪರೀಕ್ಷೆಯನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ದೇವಸ್ಥಾನವೊಂದರ ಕಾರ್ಯಕ್ರಮಕ್ಕೆ ನಾನು ಮಾಡಿಕೊಟ್ಟ ಕರಪತ್ರದಲ್ಲಿ ದಾನಿಗಳ ಪಟ್ಟಿಯ ಮೇಲೆ “ಧನಸಹಾಯ ಮಾಡಿದ ಮಹನೀಯರು” ಎಂದಿತ್ತು. ಪರದೆಯ ಮೇಲೆ ಅದು ಬಹಳ ಸೊಗಸಾಗಿತ್ತು. ಎಳೆಯ ತೆಳು ಭಾಗ ಕೂದಲಿನಷ್ಟು ಸಪೂರವಾದ ಫಾಂಟ್ ಆರಿಸಿದ್ದೆ. ಅಗ್ಗದ ಹಳದಿ ಕಾಗದದ ಮೇಲೆ 9 ಪಾಯಿಂಟಿನಲ್ಲಿ ಅಚ್ಚಾಗಿ ಬಂದಾಗ ‘ಧ’ಕಾರದ ಕೆಳಗಿನ ಸೀಳು ಅರ್ಧಕ್ಕರ್ಧ ಪ್ರತಿಗಳಲ್ಲಿ ಮೂಡಿರಲೇ ಇಲ್ಲ. ಸಮಿತಿಯ ಹಿರಿಯರೊಬ್ಬರು ಕನ್ನಡಕ ಮೇಲೇರಿಸಿ ಓದಿ, “ನಾವು ಕೇಳಿದ್ದು ದುಡ್ಡು ಕಣಪ್ಪ, ದನ ಅಲ್ಲ” ಎಂದರು. ಎಲ್ಲರೂ ನಕ್ಕರು, ಮರುಮುದ್ರಣದ ಖರ್ಚು ಮಾತ್ರ ನನ್ನದೇ ಆಯಿತು.

ರೋಮನ್ ಲಿಪಿಯಲ್ಲಿ ಸೆರಿಫ್ ಅಳಿಸಿಹೋದರೆ ಅಂದ ಕೆಡುತ್ತದೆಯೇ ಹೊರತು ಸಾಮಾನ್ಯವಾಗಿ ಅಕ್ಷರ ಬದಲಾಗುವುದಿಲ್ಲ. ಕನ್ನಡದಲ್ಲಿ ಹಾಗಲ್ಲ. ‘ದ’ ಮತ್ತು ‘ಧ’, ‘ಡ’ ಮತ್ತು ‘ಢ’, ‘ಬ’ ಮತ್ತು ‘ಭ’ ಇವುಗಳ ನಡುವೆ ಇರುವ ವ್ಯತ್ಯಾಸವೆಲ್ಲ ಆ ಸೀಳಿನದು, ‘ಪ’ಕಾರವನ್ನು ‘ಷ’ಕಾರ ಮಾಡುವುದು ಒಡಲೊಳಗಿನ ಒಂದು ಎಳೆ, ‘ಕಿ’ಯನ್ನು ‘ಕೀ’ ಮಾಡುವುದು ಪಕ್ಕದ ದೀರ್ಘ. ಹೀಗೆ ಅರ್ಥ ನಿಂತಿರುವುದೆಲ್ಲ ಸಣ್ಣ ಗುರುತುಗಳ ಮೇಲೆಯೇ ಆಗಿರುವಾಗ, ತೋರ–ತೆಳುವಿನ ಫಾಂಟನ್ನು ಅಳೆಯಬೇಕಾದದ್ದು ಅದರ ತೋರ ಭಾಗದ ಚೆಲುವಿನಿಂದಲ್ಲ, ಅದರ ಅತ್ಯಂತ ತೆಳುವಾದ ಎಳೆ ನಿಮ್ಮ ಕಾಗದದ ಮೇಲೆ ಉಳಿಯುತ್ತದೆಯೇ ಎಂಬುದರಿಂದ. ಅಂದಿನಿಂದ ನಾನು ಯಾವ ಹೊಸ ಫಾಂಟ್ ಬಂದರೂ ಮೊದಲು “ಧನ ದನ, ಭಾರ ಬಾರ, ಫಲ ಪಲ, ಢಕ್ಕೆ ಡಕ್ಕೆ” ಎಂದು ಹೊಡೆದು, ಬಳಸಲಿರುವ ಗಾತ್ರದಲ್ಲೇ ಅಚ್ಚು ತೆಗೆದು ನೋಡುತ್ತೇನೆ.

ಮೂರು ಬಗೆಯ ಪುಸ್ತಕದ ಅಕ್ಷರಗಳು

ದೀರ್ಘ ಓದಿನ ಪುಸ್ತಕಕ್ಕೆ ನನ್ನ ಮೇಜಿನ ಮೇಲೆ ಸ್ಪರ್ಧೆಗೆ ನಿಲ್ಲುವುದು ಸಾಮಾನ್ಯವಾಗಿ ಮೂರು: ನುಡಿ ಅಥವಾ ಶ್ರೀಲಿಪಿಯಂಥ ತಂತ್ರಾಂಶಗಳ ಜೊತೆ ಬಂದ ಹಳೆಯ ಫಾಂಟ್‌ಗಳು, ನೋಟೋ ಸೆರಿಫ್ ಕನ್ನಡ, ಮತ್ತು ಟಿರೋ ಕನ್ನಡ.

ಹಳೆಯ ಫಾಂಟ್‌ಗಳನ್ನು ಹೀಯಾಳಿಸುವುದು ಈಗ ಫ್ಯಾಷನ್ ಆಗಿದೆ. ನಾನು ಅದಕ್ಕೆ ಒಪ್ಪುವುದಿಲ್ಲ. ಎರಡು ದಶಕಗಳ ಕನ್ನಡ ಪುಸ್ತಕಗಳಲ್ಲಿ ದೊಡ್ಡ ಪಾಲು ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ಇವುಗಳಿಂದಲೇ ಜೋಡಣೆಯಾದದ್ದು, ಮತ್ತು ಅವುಗಳಲ್ಲಿ ಕೆಲವು ಅಕ್ಷರಗಳು ಮೊಳೆಯ ಕಾಲದ ರೂಪಕ್ಕೆ ಬಹಳ ಹತ್ತಿರ ಇವೆ. ಇವುಗಳ ತೊಂದರೆ ರೂಪದ್ದಲ್ಲ, ಸಂಕೇತದ್ದು. ಹಳೆಯ ಬಗೆಯ ಫಾಂಟಿನಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಕೀಲಿಗಳ ಸಂಕೇತಗಳನ್ನು. ಫಾಂಟ್ ಅವುಗಳ ಮೇಲೆ ಕನ್ನಡದ ತುಣುಕುಗಳನ್ನು ಹೊದಿಸುತ್ತದೆ. ಫಾಂಟ್ ಬದಲಾದ ಕೂಡಲೇ ಬರಹವೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ, ಪಿಡಿಎಫ್‌ನಲ್ಲಿ ಒಂದು ಹೆಸರು ಹುಡುಕಿದರೆ ಸಿಗುವುದಿಲ್ಲ, ಪುಸ್ತಕದ ಕೊನೆಗೆ ಅಕಾರಾದಿ ಸೂಚಿ ಮಾಡಲು ಕಂಪ್ಯೂಟರಿನ ನೆರವು ದೊರೆಯುವುದಿಲ್ಲ. ಒಮ್ಮೆ ಅಚ್ಚಾಗಿ ಹಂಚಿಹೋಗುವ ಕರಪತ್ರಕ್ಕೆ ಇದು ಅಡ್ಡಿಯಲ್ಲ. ಮುಂದೆ ಎರಡನೆಯ ಮುದ್ರಣವಾಗಬೇಕಾದ, ಜಾಲತಾಣಕ್ಕೂ ಏರಬೇಕಾದ ಊರಿನ ಚರಿತ್ರೆಗೆ ಇದು ದೊಡ್ಡ ಅಡ್ಡಿ. ಹಳೆಯ ಕಡತವನ್ನು ಯೂನಿಕೋಡ್‌ಗೆ, ಅಂದರೆ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಜಾಗತಿಕ ಪದ್ಧತಿಗೆ, ಪರಿವರ್ತಿಸುವ ಸಾಧನಗಳಿವೆ, ಆದರೆ ಅರ್ಕಾವೊತ್ತು ಮತ್ತು ಎರಡೆರಡು ಒತ್ತುಗಳಿರುವಲ್ಲಿ ಅವು ಎಡವುವುದನ್ನು ನೋಡಿದ್ದೇನಾದ್ದರಿಂದ, ಪರಿವರ್ತನೆಯ ನಂತರ ಮತ್ತೊಮ್ಮೆ ಪೂರ್ತಿ ಕರಡು ತಿದ್ದುವ ಸಮಯವನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು.

ನೋಟೋ ಸೆರಿಫ್ ಕನ್ನಡದ ದೊಡ್ಡ ಅನುಕೂಲ ಅದರ ತೂಕಗಳ ಹರವು. ಅತ್ಯಂತ ತೆಳುವಾದ 100ರಿಂದ ಅತ್ಯಂತ ದಪ್ಪವಾದ 900ರವರೆಗೆ ತೂಕಗಳಿರುವುದರಿಂದ, ಅಧ್ಯಾಯದ ಶೀರ್ಷಿಕೆ, ಉಪಶೀರ್ಷಿಕೆ, ಚಿತ್ರದ ಅಡಿಬರಹ ಎಲ್ಲವನ್ನೂ ಒಂದೇ ಕುಟುಂಬದಲ್ಲಿ ಮುಗಿಸಬಹುದು. ಕಾಗದ ಶಾಯಿ ಹೀರುವಂಥದ್ದಾಗಿದ್ದರೆ ಒಂದು ಮೆಟ್ಟಿಲು ಹಗುರ ತೂಕವನ್ನೂ, ಅಚ್ಚು ಮಂಕಾಗಿ ಬರುವ ಯಂತ್ರವಾಗಿದ್ದರೆ ಒಂದು ಮೆಟ್ಟಿಲು ಭಾರ ತೂಕವನ್ನೂ ಆರಿಸಿಕೊಳ್ಳುವ ಸ್ವಾತಂತ್ರ್ಯ ಮೊಳೆಯ ಕಾಲದ ಕಂಪೋಸಿಟರ್‌ಗೆ ಇರಲಿಲ್ಲ. ಸ್ಮರಣ ಸಂಚಿಕೆಗೆ, ಸಂಶೋಧನ ಲೇಖನಗಳ ಸಂಗ್ರಹಕ್ಕೆ, ಕೋಷ್ಟಕಗಳಿರುವ ವರದಿಗೆ ನಾನು ಇದನ್ನೇ ಮೊದಲು ತೆಗೆಯುತ್ತೇನೆ. ಅದರ ಸ್ವಭಾವ ಸ್ವಲ್ಪ ಸರ್ಕಾರಿ ಗಾಂಭೀರ್ಯದ್ದು. ಕವನ ಸಂಕಲನದಲ್ಲಿ ಅದು ಯಾಕೋ ಬಿಗಿದುಕೊಂಡಂತೆ ಕಾಣುತ್ತದೆ ಎಂಬುದು ನನ್ನ ವೈಯಕ್ತಿಕ ಅನಿಸಿಕೆ.

ಟಿರೋ ಕನ್ನಡದ ಹುಟ್ಟೇ ಬೇರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯವು ಹೊರತರುವ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಆಫ್ ಇಂಡಿಯಾ ಮಾಲೆಗಾಗಿ ಫಿಯೋನಾ ರಾಸ್ ಮತ್ತು ಜಾನ್ ಹಡ್ಸನ್ ಅವರ ಕೆಲಸದಿಂದ ಬೆಳೆದ ಭಾರತೀಯ ಲಿಪಿಗಳ ಫಾಂಟ್ ಕುಟುಂಬಕ್ಕೆ ಸೇರಿದ್ದು ಅದು. ಹಳೆಯ ಕಾವ್ಯಗಳ ಮೂಲಪಾಠವನ್ನು ಪುಟದ ತುಂಬ ಓದಿಸುವುದೇ ಅದರ ಉದ್ದೇಶವಾಗಿತ್ತು. ಒತ್ತಕ್ಷರಗಳು ಅದರಲ್ಲಿ ಇಕ್ಕಟ್ಟಿಲ್ಲದೆ ಕುಳಿತುಕೊಳ್ಳುತ್ತವೆ, ಸಾಲು ನಿಧಾನವಾಗಿ ಹರಿಯುತ್ತದೆ. ಕಾವ್ಯ, ವಚನ, ಕಥೆ, ಆತ್ಮಕಥೆ ಇವಕ್ಕೆ ನನ್ನ ಮೊದಲ ಆಯ್ಕೆ ಇದು. ಆದರೆ ಅದರಲ್ಲಿ ನೇರ ಮತ್ತು ಓರೆ ರೂಪಗಳಿವೆಯೇ ಹೊರತು ದಪ್ಪ ತೂಕವಿಲ್ಲ. ತಂತ್ರಾಂಶದಲ್ಲಿ ಬೋಲ್ಡ್ ಗುಂಡಿ ಒತ್ತಿ ಬಲವಂತವಾಗಿ ದಪ್ಪ ಮಾಡಿದರೆ ತೆಳು ಎಳೆಯೂ ತೋರ ಎಳೆಯೂ ಸಮನಾಗಿ ಊದಿಕೊಂಡು, ‘ಣ’ ಮತ್ತು ‘ಜ್ಞ’ ಅಕ್ಷರಗಳ ಒಳಗಿನ ಜಾಗ ಮುಚ್ಚಿಹೋಗುತ್ತದೆ. ಆದ್ದರಿಂದ ಶೀರ್ಷಿಕೆಗೆ ಅದನ್ನೇ ದೊಡ್ಡ ಗಾತ್ರದಲ್ಲಿ ಬಳಸಬೇಕು, ಇಲ್ಲವೇ ಬೇರೆ ಫಾಂಟಿನ ಮೊರೆ ಹೋಗಬೇಕು. ನೋಟೋ, ಟಿರೋ, ಅನೇಕ್ ಎಲ್ಲವೂ ಮುಕ್ತ ಪರವಾನಗಿಯವು. ಪುಸ್ತಕ ಅಚ್ಚು ಮಾಡಿ ಮಾರಲು ಯಾರಿಗೂ ಹಣ ಕೊಡಬೇಕಿಲ್ಲ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಗುಬ್ಬಿ ಎಂಬ ಹೆಸರಿನ ಮುಕ್ತ ಫಾಂಟ್ ಒಂದಿದೆ. ನಮ್ಮ ಗುಬ್ಬಿ ತಾಲ್ಲೂಕಿನ ಗ್ರಾಹಕರೊಬ್ಬರು ಅದು ತಮ್ಮ ಊರಿನ ಫಾಂಟ್ ಎಂದೇ ನಂಬಿ, ಪುಸ್ತಕಕ್ಕೆ ಅದೇ ಬೇಕೆಂದು ಹಟ ಹಿಡಿದಿದ್ದರು. ಅದರ ಜೊತೆಯ ಇನ್ನೊಂದು ಫಾಂಟಿನ ಹೆಸರು ನವಿಲು ಎಂದು ತೋರಿಸಿ, ಇದು ಊರಲ್ಲ ಹಕ್ಕಿ ಎಂದು ವಿವರಿಸಬೇಕಾಯಿತು.

ಒಂದೇ ದಪ್ಪದ ಅಕ್ಷರ ಗೆಲ್ಲುವ ಜಾಗಗಳು

ತೋರ–ತೆಳುವಿನ ಅಕ್ಷರವನ್ನು ಇಷ್ಟು ಮೆಚ್ಚುವ ನಾನೇ ಅದನ್ನು ಬೇಡವೆನ್ನುವ ಸಂದರ್ಭಗಳು ಕಡಿಮೆಯೇನಲ್ಲ. ಪ್ರಶ್ನೆಪತ್ರಿಕೆ ಮತ್ತು ಶಾಲೆಯ ಟಿಪ್ಪಣಿ ಒಂದು ಪ್ರತಿಯಿಂದ ಇನ್ನೊಂದಕ್ಕೆ ಜೆರಾಕ್ಸ್ ಆಗುತ್ತ ಹೋಗುತ್ತವೆ. ಮೂರನೆಯ ತಲೆಮಾರಿನ ಪ್ರತಿಯಲ್ಲಿ ತೆಳು ಎಳೆಗಳು ಚುಕ್ಕೆಚುಕ್ಕೆಯಾಗಿ ಒಡೆದಿರುತ್ತವೆ. ಕಪ್ಪು ಅಥವಾ ಗಾಢ ಬಣ್ಣದ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಡುವಾಗ ಸುತ್ತಲ ಶಾಯಿ ಒಳಕ್ಕೆ ಹರಡಿ ಸಪೂರ ಎಳೆಯನ್ನು ನುಂಗುತ್ತದೆ. ನಾಲ್ಕು ಬಣ್ಣಗಳು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿನಲ್ಲಿ ಬಣ್ಣ ಇಣುಕುತ್ತದೆ. ರಸ್ತೆ ಬದಿಯ ಫ್ಲೆಕ್ಸ್, ಔಷಧಿಯ ಪಟ್ಟಿ, ಮೊಬೈಲಿನಲ್ಲಿ ಓದಬೇಕಾದ ಪ್ರಕಟಣೆ ಇವೆಲ್ಲಕ್ಕೂ ಒಂದೇ ದಪ್ಪದ ಅಕ್ಷರವೇ ಸರಿ. ಕಿರಿದಾದ ಅಂಕಣಗಳಿರುವ ಕೋಷ್ಟಕಕ್ಕೆ ಅನೇಕ್ ಕನ್ನಡ ಬಹಳ ಉಪಯೋಗ, ಏಕೆಂದರೆ ಅದರಲ್ಲಿ ತೂಕದ ಜೊತೆಗೆ ಅಗಲವನ್ನೂ ಬದಲಿಸಬಹುದು.

ಅಕ್ಷರ ತಿದ್ದಲು ಕಲಿಯುತ್ತಿರುವ ಮಕ್ಕಳ ಪುಸ್ತಕದಲ್ಲೂ ನಾನು ಇದನ್ನೇ ಹಾಕುತ್ತೇನೆ. ಬಳಪವೂ ಪೆನ್ಸಿಲ್ಲೂ ಒಂದೇ ದಪ್ಪದ ಗೀಟು ಎಳೆಯುವುದರಿಂದ, ಮಗು ನೋಡಿದ ರೂಪ ಮತ್ತು ಬರೆದ ರೂಪ ಹತ್ತಿರವಾಗುತ್ತವೆ.

ಮದುವೆಯ ಆಹ್ವಾನಪತ್ರಿಕೆ ಎರಡೂ ಬಣಗಳಿಗೆ ಕಷ್ಟ ಕೊಡುವ ಕೆಲಸ. ಹಿರಿಯರಿಗೆ ಸಾಂಪ್ರದಾಯಿಕ ಅಕ್ಷರ ಬೇಕು, ಮದುಮಕ್ಕಳಿಗೆ ಚಿನ್ನದ ಫಾಯಿಲ್ ಬೇಕು. ಬಿಸಿ ಅಚ್ಚಿನಲ್ಲಿ ಫಾಯಿಲ್ ಒತ್ತುವಾಗ ಕೂದಲೆಳೆಯಂಥ ಗೀಟುಗಳು ಅಲ್ಲಲ್ಲಿ ಹಿಡಿಯದೆ ಬಿಟ್ಟುಹೋಗುತ್ತವೆ. “ಚಿ||ಸೌ||” ಎಂಬಲ್ಲಿನ ನಿಲುಗೀಟುಗಳೇ ಮೊದಲು ಕಾಣೆಯಾಗುವುದು. ವಧೂವರರ ಹೆಸರನ್ನು ದಪ್ಪ ತೂಕದ ಸೆರಿಫ್‌ನಲ್ಲಿ ಫಾಯಿಲ್‌ಗೆ ಬಿಟ್ಟು, ಉಳಿದ ಒಕ್ಕಣೆಯನ್ನು ಸಾಮಾನ್ಯ ಶಾಯಿಯಲ್ಲಿ ಅಚ್ಚು ಮಾಡಿದರೆ ಇಬ್ಬರ ಆಸೆಯೂ ತೀರುತ್ತದೆ.

ಗಾತ್ರ, ಸಾಲಿನ ಅಂತರ, ಕಾಗದ

ಫಾಂಟ್ ಸರಿಯಾಗಿ ಆರಿಸಿಯೂ ಪುಟ ಕೆಡುವುದು ಹೆಚ್ಚಾಗಿ ಸಾಲಿನ ಅಂತರದಿಂದ. ಇಂಗ್ಲಿಷಿಗೆ 11 ಪಾಯಿಂಟ್ ಅಕ್ಷರಕ್ಕೆ 13 ಅಥವಾ 14 ಪಾಯಿಂಟ್ ಲೀಡಿಂಗ್ (ಸಾಲಿನಿಂದ ಸಾಲಿಗೆ ಇರುವ ಅಂತರ) ಸಾಕು; ಕನ್ನಡಕ್ಕೆ ಅದೇ ಲೆಕ್ಕ ಹಿಡಿದರೆ ಮೇಲಿನ ಸಾಲಿನ “ರಾಷ್ಟ್ರ”ದ ಎರಡು ಒತ್ತುಗಳು ಕೆಳಗಿನ ಸಾಲಿನ “ಶ್ರೀ”ಯ ನೆತ್ತಿಗೆ ತಾಗುತ್ತವೆ. ಡೆಮಿ 1/8 ಎಂಬ ಸಾಮಾನ್ಯ ಅಳತೆಯ ಪುಸ್ತಕಕ್ಕೆ ನಾನು 12 ಪಾಯಿಂಟ್ ಅಕ್ಷರವನ್ನು 18 ಪಾಯಿಂಟ್ ಅಂತರದಲ್ಲಿ ಇಟ್ಟು ಆರಂಭಿಸಿ, ನಂತರ ಅರ್ಧರ್ಧ ಪಾಯಿಂಟ್ ಹೆಚ್ಚುಕಡಿಮೆ ಮಾಡುತ್ತೇನೆ. ಒಂದೇ 12 ಪಾಯಿಂಟ್ ಎಂದರೂ ಕಣ್ಣಿಗೆ ಕಾಣುವ ಗಾತ್ರ ಫಾಂಟಿನಿಂದ ಫಾಂಟಿಗೆ ಬೇರೆ ಎಂಬುದನ್ನು ಮರೆಯಬಾರದು. ಪುಟಗಳ ಸಂಖ್ಯೆಯ ಅಂದಾಜನ್ನು ಒಂದು ಫಾಂಟಿನಲ್ಲಿ ಹಾಕಿ, ಕೊನೆಗೆ ಇನ್ನೊಂದಕ್ಕೆ ಬದಲಿಸಿದರೆ ಪುಸ್ತಕ ಒಂದು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪು) ಹೆಚ್ಚುವುದುಂಟು.

ಕಾಗದದ ಮಾತು ಚಿಕ್ಕದು. 70 ಜಿಎಸ್‌ಎಂನ ಒಳ್ಳೆಯ ಮ್ಯಾಪ್‌ಲಿಥೋ (ಹೊಳಪಿಲ್ಲದ ಪುಸ್ತಕದ ಕಾಗದ), ಅದರಲ್ಲೂ ಕೆನೆಬಣ್ಣದ್ದು, ತೋರ–ತೆಳುವಿನ ಅಕ್ಷರಕ್ಕೆ ಹೇಳಿಮಾಡಿಸಿದಂತಿರುತ್ತದೆ. ನ್ಯೂಸ್‌ಪ್ರಿಂಟ್ ಶಾಯಿಯನ್ನು ಹರಡುತ್ತದೆ. ಅಲ್ಲಿ ತೋರ ಮತ್ತು ತೆಳುವಿನ ವ್ಯತ್ಯಾಸ ಕಡಿಮೆ ಇರುವ ಅಕ್ಷರವೇ ಲೇಸು. ಹೊಳೆಯುವ ಆರ್ಟ್ ಪೇಪರಿನಲ್ಲಿ ಎಳೆಗಳು ಚೂಪಾಗಿ ಬರುತ್ತವೆ ನಿಜ, ಆದರೆ ಟ್ಯೂಬ್‌ಲೈಟಿನ ಪ್ರತಿಫಲನದಲ್ಲಿ ದೀರ್ಘವಾಗಿ ಓದುವುದು ಯಾರಿಗೂ ಆಗುವುದಿಲ್ಲ.

ಕಾಗದಕ್ಕೂ ಅಕ್ಷರಕ್ಕೂ ಇರುವ ಈ ನಂಟು ಹೊಸದೇನೂ ಅಲ್ಲ. 18ನೆಯ ಶತಮಾನದಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ಬಾಸ್ಕರ್‌ವಿಲ್ ತನ್ನ ತೆಳು ಎಳೆಗಳ ಅಕ್ಷರ ಸರಿಯಾಗಿ ಮೂಡಲೆಂದು ನಯವಾದ ಕಾಗದವನ್ನೂ ಹೆಚ್ಚು ಕಪ್ಪಾದ ಶಾಯಿಯನ್ನೂ ಸಿದ್ಧಪಡಿಸಿಕೊಂಡು, 1757ರಲ್ಲಿ ವರ್ಜಿಲನ ಕಾವ್ಯವನ್ನು ಅಚ್ಚು ಹಾಕಿದ. ಈಗ ಬಾಸ್ಕರ್‌ವಿಲ್ ಎಂಬ ಫಾಂಟನ್ನು ಒರಟು ಕಾಗದದ ಮೇಲೆ ಚಿಕ್ಕ ಗಾತ್ರದಲ್ಲಿ ಬಳಸಿ ಮಂಕಾಯಿತೆಂದು ದೂರುವವರು ಆತನ ಅರ್ಧ ಶ್ರಮವನ್ನು ಬಿಟ್ಟುಬಿಟ್ಟಿರುತ್ತಾರೆ.

ಶಾಸನ, ಹಳಗನ್ನಡ ಮತ್ತು ಜೊತೆಗಿರುವ ಇಂಗ್ಲಿಷ್

ನಮ್ಮ ಜಿಲ್ಲೆಯ ಚರಿತ್ರೆ ಬರೆಯುವವರೆಲ್ಲರೂ ಒಂದಲ್ಲ ಒಂದು ಕಡೆ ಶಾಸನಪಾಠ ಕೊಡುತ್ತಾರೆ. ಬಿ. ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ತುಮಕೂರು ಜಿಲ್ಲೆಯ ಸಂಪುಟ 1904ರಲ್ಲೂ ಕೋಲಾರದ್ದು 1905ರಲ್ಲೂ ಹೊರಬಂದವು. ಅವುಗಳಿಂದ ನಾಲ್ಕು ಸಾಲು ಉದ್ಧರಿಸಿದರೂ ಸಾಕು, ‘ಱ’ ಮತ್ತು ‘ೞ’ ಎದುರಾಗುತ್ತವೆ. ಹಲವು ಅಲಂಕಾರಿಕ ಫಾಂಟ್‌ಗಳಲ್ಲಿ ಈ ಅಕ್ಷರಗಳಿರುವುದಿಲ್ಲ. ತಂತ್ರಾಂಶ ಸದ್ದಿಲ್ಲದೆ ಬೇರೆ ಫಾಂಟಿನಿಂದ ಒಂದನ್ನು ಎರವಲು ತಂದು ಕೂರಿಸುತ್ತದೆ, ಇಲ್ಲವೇ ಖಾಲಿ ಚೌಕ ತೋರಿಸುತ್ತದೆ. ಸ್ವರವಿಲ್ಲದ ನಕಾರದ ಹಳೆಯ ರೂಪವಾದ ನಕಾರಪೊಲ್ಲು ಯೂನಿಕೋಡ್‌ಗೆ ಸೇರಿದ್ದೇ 2021ರಲ್ಲಾದ್ದರಿಂದ, ಅದಕ್ಕೂ ಹಿಂದಿನ ಯಾವ ಫಾಂಟಿನಲ್ಲೂ ಅದನ್ನು ನಿರೀಕ್ಷಿಸುವಂತಿಲ್ಲ. ಶಾಸನಪಾಠವಿರುವ ಪುಸ್ತಕಕ್ಕೆ ಫಾಂಟ್ ನಿಶ್ಚಯಿಸುವ ಮೊದಲು ಈ ಅಕ್ಷರಗಳ ಜೊತೆಗೆ ಅವಗ್ರಹ ‘ಽ’ವನ್ನೂ ಹೊಡೆದು ನೋಡಬೇಕು.

ಪಕ್ಕದಲ್ಲಿ ಇಂಗ್ಲಿಷ್ ಬರುವುದಾದರೆ ತೋರ–ತೆಳುವಿನ ಕನ್ನಡಕ್ಕೆ ಸೆರಿಫ್ ಇಂಗ್ಲಿಷೇ ಜೋಡಿ. ಆದರೆ ಯಾವ ಸೆರಿಫ್ ಎಂಬುದು ಇನ್ನೊಂದು ಪ್ರಶ್ನೆ. ಟೈಮ್ಸ್ ನ್ಯೂ ರೋಮನ್ ಲಂಡನ್ನಿನ ಟೈಮ್ಸ್ ಪತ್ರಿಕೆಗಾಗಿ ಸ್ಟ್ಯಾನ್ಲಿ ಮಾರಿಸನ್ ಮೇಲ್ವಿಚಾರಣೆಯಲ್ಲಿ ರೂಪುಗೊಂಡು 1932ರಲ್ಲಿ ಬಳಕೆಗೆ ಬಂದ ಅಕ್ಷರ. ಪತ್ರಿಕೆಯ ಕಿರಿದಾದ ಅಂಕಣಕ್ಕೆ ಹೊಂದಲೆಂದು ಅದರ ಮೈಯನ್ನು ಒತ್ತರಿಸಲಾಗಿದೆ. ಅಗಲವಾಗಿ ದುಂಡಗೆ ಕೂರುವ ಕನ್ನಡದ ಪಕ್ಕದಲ್ಲಿ ಅದು ಜನಸಂದಣಿಯಲ್ಲಿ ನಿಂತವನಂತೆ ಕಾಣುತ್ತದೆ. ಮ್ಯಾಥ್ಯೂ ಕಾರ್ಟರ್ ರೂಪಿಸಿದ ಜಾರ್ಜಿಯಾ ಪರದೆಯ ಓದಿಗೆಂದು ಹುಟ್ಟಿದ್ದು. ಅದರ ಅಗಲ ಕನ್ನಡಕ್ಕೆ ಚೆನ್ನಾಗಿ ಒಗ್ಗುತ್ತದೆ, ಆದರೆ ಅದರ ಅಂಕಿಗಳು ಮೇಲೆ ಕೆಳಗೆ ಓಲಾಡುವುದರಿಂದ ಇಸವಿಗಳು ತುಂಬಿದ ಚರಿತ್ರೆಯ ಪುಟದಲ್ಲಿ ಕೆಲವರಿಗೆ ಕಿರಿಕಿರಿಯಾಗುತ್ತದೆ. ಶಾಸನವನ್ನು ರೋಮನ್ ಲಿಪಿಗೆ ಇಳಿಸುವಾಗ ದೀರ್ಘಸ್ವರದ ಮೇಲೊಂದು ಗೀಟು, ಮೂರ್ಧನ್ಯದ ಕೆಳಗೊಂದು ಚುಕ್ಕೆ ಬೇಕಾಗುತ್ತವೆ; ಆ ಕೆಲಸಕ್ಕೆ ಎಸ್‌ಐಎಲ್ ಸಂಸ್ಥೆಯ ಜೆಂಟಿಯಂ ನನ್ನನ್ನು ಈವರೆಗೆ ಕೈಬಿಟ್ಟಿಲ್ಲ. ಯಾವುದನ್ನೇ ಆರಿಸಿದರೂ ಇಂಗ್ಲಿಷನ್ನು ಕನ್ನಡದಷ್ಟೇ ಪಾಯಿಂಟಿನಲ್ಲಿ ಬಿಡದೆ, ಎರಡನ್ನೂ ಒಂದೇ ಸಾಲಿನಲ್ಲಿ ಅಚ್ಚು ತೆಗೆದು, ಕಣ್ಣಿಗೆ ಸಮನಾಗುವವರೆಗೆ ಗಾತ್ರವನ್ನು ಹೊಂದಿಸಿಕೊಳ್ಳಬೇಕು.

ಮಾದರಿ ಹಾಳೆ

ಕೊನೆಯ ನಿರ್ಧಾರವನ್ನು ಪರದೆಯ ಮುಂದೆ ಮಾಡಬೇಡಿ. ನಿಮ್ಮ ಪುಸ್ತಕದ್ದೇ ಒಂದು ಪುಟವನ್ನು, ಒತ್ತಕ್ಷರಗಳು ಹೆಚ್ಚಿರುವ ಪುಟವನ್ನು, ಎರಡು ಅಥವಾ ಮೂರು ಫಾಂಟ್‌ಗಳಲ್ಲಿ ಜೋಡಿಸಿ, ಪುಸ್ತಕಕ್ಕೆ ಬಳಸಲಿರುವ ಕಾಗದದ ಮೇಲೆಯೇ ಅಚ್ಚು ತೆಗೆಸಿ. ಫಾಂಟಿನ ಹೆಸರನ್ನು ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆಯಿರಿ, ಮುಂದೆ ಬೇಡ. ನಮ್ಮಲ್ಲಿ ಕರಡು ತಿದ್ದಲು ಬರುವ ನಿವೃತ್ತ ಕನ್ನಡ ಮೇಷ್ಟರಿಗೆ ನಾನು ಈ ಹಾಳೆಗಳನ್ನು ಏನೂ ಹೇಳದೆ ಕೊಡುತ್ತೇನೆ. ಅವರು ಯಾವುದು ಚೆನ್ನ ಎಂದು ಹೇಳುವುದಿಲ್ಲ, ತಪ್ಪು ಹುಡುಕುತ್ತ ಓದುತ್ತಾರೆ. ಹಿಂದೊಮ್ಮೆ ಒಂದೇ ಪಠ್ಯದ ಮೂರು ಹಾಳೆಗಳಲ್ಲಿ, ಎರಡರಲ್ಲಿ ಸಿಕ್ಕಿದ ದೀರ್ಘದ ತಪ್ಪು ಮೂರನೆಯದರಲ್ಲಿ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಆ ಮೂರನೆಯ ಫಾಂಟನ್ನು ಅಂದೇ ಪಕ್ಕಕ್ಕಿಟ್ಟೆ.

ಫಾಂಟ್ ನಿಶ್ಚಯವಾದ ಮೇಲೆ ಅದರ ಹೆಸರು, ಗಾತ್ರ, ಸಾಲಿನ ಅಂತರ ಮೂರನ್ನೂ ಪುಸ್ತಕದ ತಾಂತ್ರಿಕ ವಿವರಗಳ ಪುಟದಲ್ಲಿ ಅಚ್ಚು ಹಾಕಿಸಿಕೊಳ್ಳಿ. ಮರುಮುದ್ರಣಕ್ಕೆ ಬರುವ ಹೊತ್ತಿಗೆ ಜೋಡಿಸಿದವರು ಊರು ಬಿಟ್ಟಿರಬಹುದು. ಇನ್‌ಡಿಸೈನ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ಕೆಲಸ ಮಾಡಿಸುವುದಾದರೆ ಪ್ಯಾರಾಗಳಿಗೆ ವರ್ಲ್ಡ್–ರೆಡಿ ಕಂಪೋಸರ್ ಎಂಬ ಆಯ್ಕೆ ಹಾಕಲಾಗಿದೆಯೇ ಎಂದು ಕೇಳಿ, ಇಲ್ಲದಿದ್ದರೆ ಒತ್ತುಗಳು ಅಕ್ಷರದ ಅಡಿಗೆ ಸೇರದೆ ಪಕ್ಕಕ್ಕೆ ಬಂದು ನಿಲ್ಲುತ್ತವೆ. ಮುದ್ರಣಾಲಯಕ್ಕೆ ಕಳಿಸುವ ಪಿಡಿಎಫ್‌ನಲ್ಲಿ ಫಾಂಟ್ ಅಡಕವಾಗಿದೆಯೇ ಎಂಬುದನ್ನು ಕಡತದ ಪ್ರಾಪರ್ಟೀಸ್‌ನಲ್ಲಿ ನೋಡಿ, ಆಮೇಲೆ ‘ೞ’ ಇರುವ ಪುಟವನ್ನು ತೆರೆದು ಅಲ್ಲಿ ಅಕ್ಷರವಿದೆಯೋ ಚೌಕವಿದೆಯೋ ಎಂದು ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ.